ಮಿನುಗುವುದಕ್ಕೂ ಒಂದು ಬೆಲೆ ಇದೆ: ಕಲ್ಪನಾ ನೆನಪು

ಎಥ್ನಿಕ್ ಡೇ ಹತ್ತಿರ ಬಂತು ಅಂದ್ರೆ ನಮ್ಮ ಹಾಸ್ಟೆಲ್‌ನಲ್ಲಿ ಒಂದೇ ಚರ್ಚೆ. ಯಾವ ಸೀರೆ, ಯಾವ ಝುಮಕಿ, ಯಾರ ಲುಕ್? ಈ ಸಲ ಥೀಮ್ ‘ರೆಟ್ರೋ’ ಅಂತ ಗೊತ್ತಾದ ತಕ್ಷಣ ಎಲ್ಲರೂ ಹಿಂದಿ ನಟಿಯರ ಹಳೇ ಫೋಟೋ ಸೇವ್ ಮಾಡೋಕೆ ಶುರು ಮಾಡಿದ್ರು. ನಾನೂ ಮಾಡಿದೆ. ಆಮೇಲೆ ಮನೆಗೆ ಹೋದಾಗ ಅಜ್ಜಿಯ ಆಲ್ಬಂ ಕೈಗೆ ಸಿಕ್ತು. ಕಪ್ಪು ಬಿಳುಪು ಫೋಟೋ. ಎತ್ತರದ ತುರುಬು, ಉದ್ದ ತೋಳಿನ ರವಿಕೆ, ಕಿವಿ ತುಂಬ ಓಲೆ. ಇದ್ಯಾರ ಸ್ಟೈಲ್ ಅಜ್ಜಿ ಅಂದ್ರೆ, ಒಂದೇ ಹೆಸರು ಬಂತು: ಕಲ್ಪನಾ.

ಹೆಸರು ನನಗೆ ಗೊತ್ತಿತ್ತು. ‘ಮಿನುಗು ತಾರೆ’ ಅಂತಾರೆ ಅನ್ನೋದೂ ಗೊತ್ತಿತ್ತು. ಅಷ್ಟೇ. ಅವರ ಬದುಕಿನ ಬಗ್ಗೆ ಓದಿ, ಸಿನಿಮಾಗಳನ್ನು ನೋಡಿದ ಮೇಲೆ ಈ ಲೇಖನ ಬರೀಬೇಕು ಅನ್ನಿಸ್ತು.

ಕಲ್ಪನಾ ಹುಟ್ಟಿದ್ದು 1943ರ ಜುಲೈನಲ್ಲಿ, ದಕ್ಷಿಣ ಕನ್ನಡದಲ್ಲಿ. ಮೊದಲ ಹೆಸರು ಶರತ್ ಲತಾ. 1963ರಲ್ಲಿ ಬಿ. ಆರ್. ಪಂತುಲು ಅವರ ‘ಸಾಕು ಮಗಳು’ ಚಿತ್ರದಿಂದ ತೆರೆಗೆ ಬಂದರು. ಆಗ ಅವರಿಗೆ ಇನ್ನೂ ಇಪ್ಪತ್ತು. ಅಂದ್ರೆ ನಾವು ಥರ್ಡ್ ಸೆಮ್ ಬ್ಯಾಕ್‌ಲಾಗ್ ಲೆಕ್ಕ ಹಾಕೋ ವಯಸ್ಸಲ್ಲಿ ಅವರು ರಾಜ್‌ಕುಮಾರ್ ಇದ್ದ ಚಿತ್ರದಲ್ಲಿ ನಟಿಸಿದ್ದರು.

ಹೆಸರು ಬಂದಿದ್ದು ಮಾತ್ರ ನಾಲ್ಕು ವರ್ಷ ಆದ ಮೇಲೆ. 1967ರಲ್ಲಿ ಪುಟ್ಟಣ್ಣ ಕಣಗಾಲ್ ಕನ್ನಡದಲ್ಲಿ ನಿರ್ದೇಶಿಸಿದ ಮೊದಲ ಚಿತ್ರ ‘ಬೆಳ್ಳಿಮೋಡ’ ಬಂತು. ತ್ರಿವೇಣಿಯವರ ಕಾದಂಬರಿ, ಚಿಕ್ಕಮಗಳೂರಿನ ಕಾಫಿ ತೋಟದ ಸೀಮೆ. ಇಂದಿರಾ ಅನ್ನೋ ಶ್ರೀಮಂತರ ಮನೆ ಹುಡುಗಿಗೆ ಮೋಹನ್ ಜೊತೆ ಮದುವೆ ನಿಶ್ಚಯ ಆಗಿರುತ್ತೆ. ಮೋಹನ್ ವಿದೇಶಕ್ಕೆ ಓದೋಕೆ ಹೋಗೋದೂ ಅವರ ಮನೆ ದುಡ್ಡಲ್ಲೇ. ಅಷ್ಟರಲ್ಲಿ ಇಂದಿರಾಗೆ ತಮ್ಮ ಹುಟ್ಟುತ್ತಾನೆ, ಆಸ್ತಿ ಕೈತಪ್ಪುತ್ತೆ, ಮೋಹನ್‌ನ ಪ್ರೀತಿಯೂ ತಣ್ಣಗಾಗುತ್ತೆ. ಕೊನೆಗೆ ಅವನೇ ಕಾಲು ಮುರಿದುಕೊಂಡು ಅದೇ ಮನೆಯಲ್ಲಿ ಮಲಗಿದಾಗ ಇಂದಿರಾ ಶುಶ್ರೂಷೆ ಮಾಡ್ತಾಳೆ. ಅವನು ಮನಸ್ಸು ಬದಲಾಯಿಸಿ ಮದುವೆಗೆ ಒಪ್ಪಿದಾಗ ಬೇಡ ಅಂತಾಳೆ. 1967ರಲ್ಲಿ! ಅಳು, ಕಿರುಚಾಟ ಯಾವುದರ ಹಂಗೂ ಇಲ್ಲದೆ ಆ ‘ಬೇಡ’ ಹೇಗೆ ಹೇಳಬಹುದು ಅಂತ ಕಲ್ಪನಾ ತೋರಿಸಿದರು.

ಈಗ ಒಡವೆ ವಿಷಯಕ್ಕೆ ಬರೋಣ. ‘ಬೆಳ್ಳಿಮೋಡ’ ಕಪ್ಪು ಬಿಳುಪು ಚಿತ್ರ. ಕಪ್ಪು ಬಿಳುಪಿನಲ್ಲಿ ಕೆಂಪು ಹರಳು, ಹಸಿರು ಹರಳು ಎಲ್ಲ ಬೂದು ಬಣ್ಣದ ಬೇರೆ ಬೇರೆ ಮಟ್ಟ ಅಷ್ಟೇ. ಅಲ್ಲಿ ಕಾಣೋದು ಎರಡೇ: ಆಕಾರ ಮತ್ತು ಹೊಳಪು. ಓಲೆ ಸಣ್ಣದಾದರೆ ಮುಖದ ಪಕ್ಕ ಕಳೆದೇ ಹೋಗುತ್ತೆ, ದೊಡ್ಡದಾದರೆ ತಲೆ ತಿರುಗಿಸಿದಾಗೆಲ್ಲ ಬೆಳಕು ಹಿಡಿಯುತ್ತೆ. ಬಣ್ಣದ ಚಿತ್ರ ಬಂದ ಮೇಲೆ ಲೆಕ್ಕವೇ ಬೇರೆ. ಸೀರೆಗೆ ಬಳೆ, ಬಳೆಗೆ ಕುಂಕುಮ ಹೊಂದಬೇಕು. ಕಲ್ಪನಾ ಈ ಎರಡೂ ಕಾಲ ದಾಟಿದವರು. ಉಡುಗೆ ತೊಡುಗೆಯ ಬಗ್ಗೆ ಅವರಿಗಿದ್ದ ಕಾಳಜಿ ತೆರೆಯ ಮೇಲೆ ಕಾಣುತ್ತೆ. ಊರೂರಲ್ಲಿ ಹೆಣ್ಣುಮಕ್ಕಳು ಅವರ ಸೀರೆ, ರವಿಕೆ, ತುರುಬು, ಓಲೆ ನೋಡಿ ಹಾಗೇ ಮಾಡಿಕೊಂಡರು. ನಮ್ಮ ಅಜ್ಜಿಯೂ ಅವರಲ್ಲಿ ಒಬ್ಬರು.

ಆದರೆ ಒಡವೆ ಬರೀ ಅಲಂಕಾರ ಅಲ್ಲ ಅಂತ ಹೇಳಿದ ಚಿತ್ರವೂ ಅವರದ್ದೇ. 1969ರ ‘ಗೆಜ್ಜೆಪೂಜೆ’. ಎಂ. ಕೆ. ಇಂದಿರಾ ಅವರ ಕೃತಿ, ಪುಟ್ಟಣ್ಣ ಅವರ ನಿರ್ದೇಶನ. ವೇಶ್ಯಾವೃತ್ತಿಯ ಮನೆತನದಲ್ಲಿ ಹುಟ್ಟಿದ ಚಂದ್ರಾಗೆ ಓದಬೇಕು, ಎಲ್ಲರ ಹಾಗೆ ಮದುವೆಯಾಗಿ ಸಂಸಾರ ಮಾಡಬೇಕು ಅನ್ನೋ ಆಸೆ. ಮನೆಯವರು ಕಾಯ್ತಿರೋದು ಗೆಜ್ಜೆಪೂಜೆಗೆ. ಅದು ಮುಗಿದರೆ ಹುಡುಗಿ ಆ ವೃತ್ತಿಗೆ ಸೇರಿದ ಹಾಗೆ. ನಾವು ಡ್ಯಾನ್ಸ್ ಪ್ರೋಗ್ರಾಂಗೆ ಖುಷಿಯಿಂದ ಕಟ್ಟಿಕೊಳ್ಳೋ ಗೆಜ್ಜೆ ಅವಳ ಪಾಲಿಗೆ ಸಂಕೋಲೆ. ಸಿನಿಮಾ ನೋಡಿದ ಮೇಲೆ ಆ ಸದ್ದು ನನಗೆ ಮೊದಲಿನ ಹಾಗೆ ಕೇಳಲಿಲ್ಲ.

ಅದೇ ವರ್ಷ ‘ಕಪ್ಪು ಬಿಳುಪು’ ಚಿತ್ರದಲ್ಲಿ ದ್ವಿಪಾತ್ರ ಮಾಡಿದರು. 1971ರಲ್ಲಿ ಬಂದದ್ದು ‘ಶರಪಂಜರ’. ಮತ್ತೆ ತ್ರಿವೇಣಿ, ಮತ್ತೆ ಪುಟ್ಟಣ್ಣ, ಈ ಸಲ ಬಣ್ಣದಲ್ಲಿ. ಕಾವೇರಿ ಓದಿದ ಹುಡುಗಿ, ಪ್ರೀತಿಸುವ ಗಂಡ, ಚಂದದ ಮನೆ. ಎರಡನೇ ಹೆರಿಗೆಯ ನಂತರ ಅವಳ ಮನಸ್ಸಿನ ಆರೋಗ್ಯ ಕೆಡುತ್ತೆ. ಆಸ್ಪತ್ರೆಗೆ ಸೇರಿಸ್ತಾರೆ, ವಾಸಿಯಾಗಿ ಮನೆಗೆ ಬರ್ತಾಳೆ. ಅಸಲಿ ಕಥೆ ಅಲ್ಲಿಂದ ಶುರು. ಅದೇ ಮನೆ, ಅದೇ ಕಾವೇರಿ. ಆದರೆ ನಕ್ಕರೆ ಅನುಮಾನ, ಸಿಟ್ಟಾದರೆ ಅನುಮಾನ, ಸುಮ್ಮನಿದ್ದರೂ ಅನುಮಾನ. ಗಂಡ ಬೇರೆ ಕಡೆ ತಿರುಗಿರ್ತಾನೆ. ಕಾಯಿಲೆ ವಾಸಿಯಾದವಳನ್ನು ಸುತ್ತಲಿನ ಜನ ಮತ್ತೆ ಆಸ್ಪತ್ರೆಗೆ ಕಳಿಸ್ತಾರೆ. ಚಿತ್ರದಲ್ಲಿ ಅವರ ಸೀರೆಗಳು ಎಷ್ಟು ಚೆಂದ ಇವೆ ಅಂತ ನೋಡೋಕೆ ಕೂತವಳು, ಮುಗಿದಾಗ ಸೀರೆ ಬಣ್ಣ ಒಂದೂ ನೆನಪಿರಲಿಲ್ಲ.

ಅವರ ನಟನೆಗೆ ರಾಜ್ಯ ಪ್ರಶಸ್ತಿಗಳು ಬಂದವು. ಆದರೆ ‘ಶರಪಂಜರ’ದ ನಂತರ ಪುಟ್ಟಣ್ಣ–ಕಲ್ಪನಾ ಜೋಡಿ ಒಡೆಯಿತು. ಅವರು ಆಮೇಲೂ ದೊಡ್ಡ ಚಿತ್ರಗಳಲ್ಲಿ ನಟಿಸಿದರು. 1973ರಲ್ಲಿ ‘ಗಂಧದ ಗುಡಿ’, 1974ರಲ್ಲಿ ‘ಎರಡು ಕನಸು’. ‘ಎರಡು ಕನಸು’ ಚಿತ್ರದಲ್ಲಿ ಹಳೇ ಪ್ರೇಯಸಿಯನ್ನು ಮರೆಯಲಾಗದ ಗಂಡನ ಜೊತೆ ತಾಳ್ಮೆಯಿಂದ ಬಾಳುವ ಗೌರಿ ಅವರು. 1976ರಲ್ಲಿ ಅನಂತ್ ನಾಗ್ ಜೊತೆ ‘ಬಯಲು ದಾರಿ’. ಆ ಹೊತ್ತಿಗೆ ಹೊಸ ನಾಯಕಿಯರು ಬಂದಿದ್ದರು, ಅವಕಾಶಗಳು ಕಡಿಮೆಯಾಗಿದ್ದವು.

ಕಲ್ಪನಾ ಮನೆಯಲ್ಲಿ ಕೂರಲಿಲ್ಲ. ಉತ್ತರ ಕರ್ನಾಟಕಕ್ಕೆ ಹೋಗಿ ಗುಡಗೇರಿ ಬಸವರಾಜ್ ಅವರ ನಾಟಕ ಕಂಪನಿಯಲ್ಲಿ ಪಾತ್ರ ಮಾಡಿದರು. ಕಂಪನಿ ನಾಟಕ ಅಂದ್ರೆ ರೀಟೇಕ್ ಇಲ್ಲ, ಕ್ಲೋಸಪ್ ಇಲ್ಲ. ಒಂದು ಕಾಲಕ್ಕೆ ಇಡೀ ನಾಡೇ ಟಿಕೆಟ್ ಕೊಂಡು ನೋಡಿದ ಮುಖಕ್ಕೆ ರಾತ್ರಿ ರಾತ್ರಿ ಬಣ್ಣ ಹಚ್ಚಿಕೊಂಡು ಊರಿಂದ ಊರಿಗೆ ತಿರುಗೋದು ಸುಲಭದ ಮಾತಲ್ಲ. ಕೆಲವರು ಇದನ್ನು ಅವರ ಸೋಲು ಅಂತ ಬರೀತಾರೆ. ನನಗೆ ಹಾಗೆ ಅನ್ನಿಸಲ್ಲ. ನಟನೆ ಅವರ ಕೆಲಸ, ಕೆಲಸ ಸಿಕ್ಕ ಕಡೆ ಹೋದರು.

1979ರ ಮೇ 12ರಂದು, ಬೆಳಗಾವಿ ಜಿಲ್ಲೆಯ ಸಂಕೇಶ್ವರದ ಹತ್ತಿರ ಗೋಟೂರಿನ ಬಂಗಲೆಯಲ್ಲಿ ಅವರು ತೀರಿಕೊಂಡರು. ವಯಸ್ಸು ಬರೀ 35. ಆ ಸಾವಿನ ಬಗ್ಗೆ ಇವತ್ತಿಗೂ ಯೂಟ್ಯೂಬ್‌ನಲ್ಲಿ ನೂರೆಂಟು ಕಥೆ ಸಿಗುತ್ತೆ. ಯಾವ ರಾತ್ರಿ, ಯಾವ ರೂಮು, ಯಾವ ಉಂಗುರ ಅಂತ. ಅದನ್ನೆಲ್ಲ ಇಲ್ಲಿ ಬರೆಯಲ್ಲ. ಬದುಕಿದ್ದಾಗ ಅವರ ಒಡವೆ ನೋಡಿದ ಜನ, ಸತ್ತ ಮೇಲೂ ಒಡವೆ ಬಗ್ಗೆಯೇ ಮಾತಾಡ್ತಿದ್ದಾರೆ ಅನ್ನೋದು ನನಗೆ ತುಂಬ ಬೇಜಾರು ಮಾಡಿದ ವಿಷಯ.

ಇದೆಲ್ಲ ಓದಿ ನಾನು ಲುಕ್ ಬದಲಾಯಿಸಿದ್ನಾ? ಇಲ್ಲ. ಅಜ್ಜಿ ಓಲೆ ಕೇಳಿ ಇಸ್ಕೊಂಡು ಬಂದಿದ್ದೀನಿ, ತುರುಬು ಹಾಕೋಕೆ ರೂಮ್‌ಮೇಟ್‌ನ ಒಪ್ಪಿಸಿದ್ದೀನಿ. ಇಷ್ಟಪಟ್ಟವರ ಹಾಗೆ ಸಿಂಗರಿಸಿಕೊಳ್ಳೋದ್ರಲ್ಲಿ ತಪ್ಪೇನಿಲ್ಲ, ಅದೂ ಒಂದು ಬಗೆಯ ನೆನಪೇ. ಆದರೆ ‘ಮಿನುಗು ತಾರೆ’ ಅಂತ ಕ್ಯಾಪ್ಶನ್ ಹಾಕೋ ಮೊದಲು ‘ಶರಪಂಜರ’ ಒಂದು ಸಲ ನೋಡಿ. ಕಾವೇರಿಗೆ ಬೇಕಾಗಿದ್ದು ಇನ್ನೊಂದು ಸೀರೆಯಲ್ಲ, ಅವಳ ಮಾತನ್ನು ಅನುಮಾನ ಇಲ್ಲದೆ ಕೇಳುವ ಒಬ್ಬರು.

ನಮ್ಮ ಹಾಸ್ಟೆಲ್‌ನಲ್ಲೂ ಸ್ಟೋರಿಯಲ್ಲಿ ಮಿನುಗುತ್ತಾ, ರಾತ್ರಿ ನಿದ್ದೆ ಬರದೆ ಕಾರಿಡಾರ್‌ನಲ್ಲಿ ಓಡಾಡೋರು ಇದ್ದಾರೆ. ಎಥ್ನಿಕ್ ಡೇ ದಿನ ಅವರ ಝುಮಕಿ ಚೆನ್ನಾಗಿದೆ ಅಂತ ಖಂಡಿತ ಹೇಳಿ. ಹೇಳಿ ಮುಂದೆ ಹೋಗಬೇಡಿ, ಪಕ್ಕದಲ್ಲಿ ಎರಡು ನಿಮಿಷ ಕೂತು ಹೇಗಿದ್ದೀಯಾ ಅಂತಲೂ ಕೇಳಿ.