ಉಗುರು ಬಣ್ಣದ ದೊರೆ ಚಾರ್ಲ್ಸ್ ರೆವ್ಸನ್

ಚಾಳಿನ ಒಂದೇ ಕೋಣೆಯ ಬಿಡಾರವಿರಲಿ, ಉಪನಗರದ ಸ್ವಂತ ಮನೆಯಿರಲಿ, ಕನ್ನಡಿಯ ಬಳಿಯ ಗೂಡಿನಲ್ಲಿ ಕುಂಕುಮದ ಭರಣಿಯೊಡನೆ ಉಗುರು ಬಣ್ಣದ ಪುಟ್ಟ ಶೀಸೆಯೊಂದು ಇಂದು ಕಾಣಸಿಗುತ್ತದೆ. ಭಾನುವಾರ ಮಧ್ಯಾಹ್ನ ಊಟದ ಪಾತ್ರೆಗಳನ್ನು ತೊಳೆದಿಟ್ಟ ಮೇಲೆ ಅಕ್ಕತಂಗಿಯರು ಕಿಟಕಿಯ ಬಳಿ ಕುಳಿತು, ಒಂದೊಂದು ಬೆರಳಿಗೆ ಒಂದೊಂದು ಬಣ್ಣ ಹಚ್ಚಿ, ಯಾವುದು ಒಪ್ಪುತ್ತದೆಂದು ಪರೀಕ್ಷಿಸುವುದು ಈಗ ಯಾರಿಗೂ ಹೊಸದಲ್ಲ. ಹೆಂಗಸರ ಈ ಅಲಂಕಾರಕ್ಕೂ ಹೋಟೇಲಿನಲ್ಲಿ ದುಡಿಯುವ, ಕಚೇರಿಯಲ್ಲಿ ಲೆಕ್ಕ ಬರೆಯುವ ನಮ್ಮ ವಾಚಕರಿಗೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ಸಂಬಂಧವಿದೆ. ಆ ಶೀಸೆಯ ಹಿಂದೆ ಕೈಯಲ್ಲಿ ಕಾಸಿಲ್ಲದೆ ಹೊರಟ ಒಬ್ಬ ಮಾರಾಟಗಾರನ ಚರಿತ್ರೆಯಿದೆ. ಸ್ವಂತ ಅಂಗಡಿಯ ಕನಸು ಕಾಣುವ ಪ್ರತಿಯೊಬ್ಬರೂ ಅದನ್ನು ಅರಿತಿರುವುದು ಒಳ್ಳೆಯದೆಂದು ನಾವು ಭಾವಿಸುತ್ತೇವೆ.

ಚಾರ್ಲ್ಸ್ ರೆವ್ಸನ್ ಜನಿಸಿದ್ದು 1906ರ ಅಕ್ಟೋಬರ್ 11ರಂದು, ಅಮೇರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದಲ್ಲಿ. ಬೆಳೆದದ್ದು ನ್ಯೂ ಹ್ಯಾಂಪ್‌ಷೈರಿನ ಮ್ಯಾಂಚೆಸ್ಟರ್ ಎಂಬ ಗಿರಣಿ ಊರಿನಲ್ಲಿ. ತಂದೆತಾಯಿಗಳು ಯೂರೋಪಿನಿಂದ ವಲಸೆ ಬಂದ ಯಹೂದಿಗಳು. ತಂದೆ ಚುಟ್ಟಾ ಕಾರ್ಖಾನೆಯಲ್ಲಿ ಕೈಯಿಂದ ಚುಟ್ಟಾ ಸುತ್ತುವ ಕೆಲಸಗಾರ. ಬೀಡಿ ಕಟ್ಟಿ ಸಂಸಾರ ಸಾಗಿಸಿದ ತಾಯಂದಿರ ಮಕ್ಕಳು ನಮ್ಮ ಕರಾವಳಿಯವರಲ್ಲಿ ಅನೇಕರಿದ್ದಾರೆ. ಅಂಥ ಮನೆಯ ಲೆಕ್ಕಾಚಾರ ಹೇಗಿರುತ್ತದೆಂಬುದನ್ನು ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಜೋಸೆಫ್ ಅಣ್ಣ, ಚಾರ್ಲ್ಸ್ ನಡುವಿನವ, ಮಾರ್ಟಿನ್ ತಮ್ಮ. ಮೂವರು ಗಂಡುಮಕ್ಕಳ ಸಂಸಾರ ಅದು. ಚಾರ್ಲ್ಸನು 1923ರಲ್ಲಿ ಹೈಸ್ಕೂಲು ಮುಗಿಸಿದನು. ಕಾಲೇಜಿನ ಮೆಟ್ಟಿಲು ಹತ್ತಲಿಲ್ಲ. ಹೊಟ್ಟೆಪಾಡಿಗಾಗಿ ನ್ಯೂಯಾರ್ಕ್ ನಗರಕ್ಕೆ ಬಂದನು.

ಅಲ್ಲಿ ಸ್ತ್ರೀಯರ ಉಡುಪುಗಳ ಕಂಪನಿಯೊಂದರಲ್ಲಿ ಆತನಿಗೆ ಕೆಲಸ ದೊರೆಯಿತು. ಮೊದಲು ಮಾರಾಟ, ಅನಂತರ ಬಟ್ಟೆಯ ಖರೀದಿ. ಥಾನುಗಳನ್ನು ಬೆಳಕಿಗೆ ಹಿಡಿದು ನೋಡುತ್ತ ನೋಡುತ್ತ ಬಣ್ಣಗಳ ಸೂಕ್ಷ್ಮ ಆತನ ಕಣ್ಣಿಗೆ ಹತ್ತಿತು. ನಮಗೆಲ್ಲ ಒಂದೇ ಕೆಂಪಾಗಿ ಕಾಣುವಲ್ಲಿ ಆತನಿಗೆ ಹಲವು ಕೆಂಪುಗಳು ಕಾಣುತ್ತಿದ್ದವು. ಈ ವಿದ್ಯೆಯನ್ನು ಯಾವ ಶಾಲೆಯೂ ಕಲಿಸಿರಲಿಲ್ಲ. ಸಂಬಳಕ್ಕೆ ದುಡಿಯುತ್ತಲೇ ಕಲಿತದ್ದು. ಮುಂದೆ ಆತನ ಬಂಡವಾಳವಾದದ್ದೂ ಅದೇ.

1930ರ ಹೊತ್ತಿಗೆ ಅಮೇರಿಕವನ್ನು ಮಹಾ ಆರ್ಥಿಕ ಮುಗ್ಗಟ್ಟು ಆವರಿಸಿತ್ತು. 1933ರಲ್ಲಿ ಅಲ್ಲಿಯ ದುಡಿಯುವವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬನಿಗೆ ಕೆಲಸವಿರಲಿಲ್ಲ. ಆ ದುರ್ದಿನಗಳಲ್ಲಿ ರೆವ್ಸನ್ ಎಲ್ಕಾ ಎಂಬ ಸಣ್ಣ ಕಂಪನಿಯ ಉಗುರು ಬಣ್ಣವನ್ನು ಹೊತ್ತು, ಸೌಂದರ್ಯ ಗೃಹದಿಂದ ಸೌಂದರ್ಯ ಗೃಹಕ್ಕೆ ಅಲೆಯತೊಡಗಿದನು. ವ್ಯಾಪಾರ ಕುದುರಿತು. ದೇಶದಾದ್ಯಂತ ಮಾರುವ ಅಧಿಕಾರವನ್ನು ತನಗೆ ಕೊಡಬೇಕೆಂದು ಕಂಪನಿಯನ್ನು ಕೇಳಿದನು. ಕಂಪನಿ ಒಪ್ಪಲಿಲ್ಲ. ಇಂಥ ನಿರಾಕರಣೆಯಿಂದ ಕೆಲವರು ಕುಗ್ಗುತ್ತಾರೆ, ಕೆಲವರು ಧಣಿಯನ್ನು ಬೈಯುತ್ತ ಅಲ್ಲಿಯೇ ಆಯುಷ್ಯ ಕಳೆಯುತ್ತಾರೆ. ರೆವ್ಸನ್ ಎರಡನ್ನೂ ಮಾಡದೆ ಹೊರಬಿದ್ದನು.

1932ರ ಮಾರ್ಚ್ ತಿಂಗಳಲ್ಲಿ ಆತನೂ ಅಣ್ಣ ಜೋಸೆಫನೂ ಚಾರ್ಲ್ಸ್ ಲ್ಯಾಕ್‌ಮನ್ ಎಂಬ ರಸಾಯನ ವ್ಯವಹಾರದವನೊಡನೆ ಸೇರಿ ಸ್ವಂತ ಕಂಪನಿ ತೆರೆದರು. ಮೂಲಧನ 300 ಡಾಲರು. ರೆವ್ಸನ್ ಎಂಬ ಹೆಸರಿನ ನಡುವೆ ಲ್ಯಾಕ್‌ಮನ್ನನ ಲಕಾರವನ್ನು ಸೇರಿಸಿದಾಗ ರೆವ್ಲಾನ್ ಎಂಬ ಹೆಸರು ಹುಟ್ಟಿತು. ತಮ್ಮ ಮಾರ್ಟಿನ್ ಅನಂತರ ಬಂದು ಕೂಡಿಕೊಂಡನು.

ಇವರ ಸರಕಿನಲ್ಲಿ ಅಂಥ ಹೊಸತೇನಿತ್ತು? ಉಗುರಿಗೆ ರಂಗೇರಿಸುವುದು ಹೊಸದಲ್ಲ. ನಮ್ಮ ಹಳ್ಳಿಗಳಲ್ಲಿ ಮದರಂಗಿಯ ಸೊಪ್ಪು ಅರೆದು ಬೆರಳ ತುದಿಗೆ ಕಟ್ಟಿಕೊಳ್ಳುವ ಪದ್ಧತಿ ಎಷ್ಟೋ ತಲೆಮಾರುಗಳದು. ಪಾಶ್ಚಾತ್ಯರಲ್ಲಿ ಹಿಂದೆ ಪುಡಿ ಹಾಕಿ, ಮೃದುವಾದ ತೊಗಲಿನಿಂದ ಉಜ್ಜಿ ಉಗುರಿಗೆ ಹೊಳಪು ತರುತ್ತಿದ್ದರು. 1920ರ ದಶಕದಲ್ಲಿ ಮೋಟಾರು ಗಾಡಿಗಳಿಗೆ ಬೇಗನೆ ಒಣಗುವ ಹೊಸ ಮೆರುಗೆಣ್ಣೆ ಬಂದಿತು. ಹತ್ತಿಯಂಥ ನಾರನ್ನು ಆಮ್ಲದಿಂದ ಸಂಸ್ಕರಿಸಿ ಪಡೆಯುವ ನೈಟ್ರೋಸೆಲ್ಯುಲೋಸ್ ಅದರ ಜೀವಾಳ. ಅದೇ ತತ್ತ್ವವನ್ನು ಉಗುರಿಗೂ ಅನ್ವಯಿಸಿದರು. ಹಚ್ಚಿದ ಒಡನೆ ದ್ರಾವಕ ಗಾಳಿಗೆ ಹಾರಿಹೋಗುತ್ತದೆ. ತೆಳುವಾದ ಗಟ್ಟಿ ಪೊರೆ ಉಗುರಿಗೆ ಅಂಟಿ ಉಳಿಯುತ್ತದೆ.

ಆದರೆ ಆ ಕಾಲದ ಉಗುರು ಬಣ್ಣಗಳು ಬಹುಮಟ್ಟಿಗೆ ಪಾರದರ್ಶಕವಾಗಿದ್ದವು. ಅವುಗಳಲ್ಲಿ ಕರಗುವ ರಂಗನ್ನು ಬೆರೆಸುತ್ತಿದ್ದರು. ತಿಳಿ ಕೆಂಪು, ನಡು ಕೆಂಪು, ಕಡು ಕೆಂಪು, ಇಷ್ಟರಲ್ಲಿಯೇ ಆಯ್ಕೆ ಮುಗಿಯುತ್ತಿತ್ತು. ರೆವ್ಲಾನ್ ಸರಕಿನಲ್ಲಿ ಕರಗದ ವರ್ಣದ ಪುಡಿಯನ್ನು ಬಳಸಿದ್ದರು. ಅದು ಕೆನೆಯಂತೆ ದಟ್ಟವಾಗಿ ಉಗುರನ್ನು ಪೂರ್ತಿಯಾಗಿ ಮುಚ್ಚುತ್ತಿತ್ತು. ಬೇಕಾದಷ್ಟು ಛಾಯೆಗಳನ್ನು ತಯಾರಿಸಲು ಬರುತ್ತಿತ್ತು. ಬಟ್ಟೆಯ ಬಣ್ಣಗಳಲ್ಲಿ ಪಳಗಿದ ಕಣ್ಣು ಇಲ್ಲಿ ಕೆಲಸಕ್ಕೆ ಬಂದಿತು. ಋತುವಿಗೆ ತಕ್ಕಂತೆ ಸೀರೆಯ ಅಂಗಡಿಯವನು ಹೊಸ ಬಣ್ಣ ತರಿಸುವಂತೆ, ಉಗುರಿಗೂ ವರ್ಷದಲ್ಲಿ ಎರಡು ಸಲ ಹೊಸ ಛಾಯೆ ಬರಬೇಕೆಂಬ ಪದ್ಧತಿಯನ್ನು ಆತ ಕ್ರಮೇಣ ಬೇರೂರಿಸಿದನು. ಹೊಸ ಬಣ್ಣ ಬಂದಾಗ ಆತ ಅದನ್ನು ತನ್ನ ಉಗುರುಗಳಿಗೇ ಬಳಿದು ಪರೀಕ್ಷಿಸುತ್ತಿದ್ದನು. ನೋಡಿದವರು ನಕ್ಕರೂ ಆತನಿಗೆ ಲಕ್ಷ್ಯವಿಲ್ಲ. ಅಡಿಗೆಯ ರುಚಿ ನೋಡದೆ ಗಿರಾಕಿಯ ಮುಂದೆ ತಟ್ಟೆಯಿಡುವ ಹೋಟೇಲು ಎಷ್ಟು ದಿನ ನಡೆದೀತು?

ಮೊದಲ ವರ್ಷದ ಮಾರಾಟ ನಾಲ್ಕು ಸಾವಿರ ಡಾಲರುಗಳಷ್ಟು ಮಾತ್ರ. ಅಗ್ಗದ ಅಂಗಡಿಗಳತ್ತ ಓಡದೆ ಸೌಂದರ್ಯ ಗೃಹಗಳನ್ನೇ ಆತ ಹಿಡಿದುಕೊಂಡನು. ಇದರ ಮರ್ಮವನ್ನು ವ್ಯಾಪಾರಿಗಳು ಗಮನಿಸಬೇಕು. ಉಗುರು ಆರೈಕೆ ಮಾಡುವ ಹೆಣ್ಣುಮಗಳು ತನ್ನ ಗಿರಾಕಿಗೆ ಒಂದು ಬಣ್ಣ ಚೆನ್ನಾಗಿದೆಯೆಂದರೆ ಅದಕ್ಕಿಂತ ದೊಡ್ಡ ಜಾಹಿರಾತಿಲ್ಲ. 1935ರಲ್ಲಿ ಒಂದು ಪ್ರತಿಷ್ಠಿತ ವಾರಪತ್ರಿಕೆಯಲ್ಲಿ ಮೊದಲ ಜಾಹಿರಾತು ಬಂದಿತು. 1937ರ ಸುಮಾರಿಗೆ ದೊಡ್ಡ ಮಳಿಗೆಗಳಿಗೂ ಔಷಧದ ಅಂಗಡಿಗಳಿಗೂ ಸರಕು ಹೋಯಿತು. ಹೊಸ ಉಡುಪು ಕೊಳ್ಳಲಾರದ ಗುಮಾಸ್ತೆ ಹುಡುಗಿಯೂ ಒಂದು ಶೀಸೆ ಕೊಂಡು ಮನೆಗೆ ಒಯ್ದಳು. ಸೌಂದರ್ಯ ಗೃಹದ ಕಲೆ ಹೀಗೆ ಮನೆಯ ಮೇಜಿಗೆ ಬಂದಿತು.

ಆ ಕಲೆಯ ಕ್ರಮ ಅಂದಿನಿಂದ ಇಂದಿಗೆ ಹೆಚ್ಚು ಬದಲಾಗಿಲ್ಲ. ಹಳೆಯ ಬಣ್ಣವನ್ನು ಅಸಿಟೋನಿನಂಥ ದ್ರವದಿಂದ ಅಳಿಸಬೇಕು. ಉಗುರಿನ ಅಂಚನ್ನು ಹಿಂದೆ ಮುಂದೆ ಗರಗಸದಂತೆ ಎಳೆಯದೆ ಒಂದೇ ದಿಕ್ಕಿಗೆ ಉಜ್ಜಿ ನಯಗೊಳಿಸಬೇಕು. ಕೈಯನ್ನು ಕೆಲವು ನಿಮಿಷ ಉಗುರುಬೆಚ್ಚಗಿನ ನೀರಿನಲ್ಲಿಟ್ಟು, ಬುಡದ ಚರ್ಮವನ್ನು ಕತ್ತರಿಸದೆ ಮೆಲ್ಲನೆ ಹಿಂದಕ್ಕೆ ಸರಿಸಬೇಕು. ಆ ಚರ್ಮವೇ ಸೋಂಕು ಒಳಹೋಗದಂತೆ ಕಾಯುವ ಬಾಗಿಲು. ಪೂರ್ತಿ ಒಣಗಿದ ಮೇಲೆ ಮೊದಲು ಬಣ್ಣವಿಲ್ಲದ ಅಡಿ ಲೇಪ, ಅನಂತರ ತೆಳುವಾಗಿ ಎರಡು ಸಲ ಬಣ್ಣ, ಕೊನೆಗೆ ಮೇಲಿನ ಹೊಳಪು. ದಪ್ಪಗೆ ಒಂದೇ ಸಲ ಬಳಿದರೆ ಒಣಗುವುದಿಲ್ಲ, ಬೇಗ ಸಿಪ್ಪೆಯೇಳುತ್ತದೆ. ಈ ದ್ರವಗಳು ಬೆಂಕಿಗೆ ಬೇಗ ಹೊತ್ತಿಕೊಳ್ಳುವಂಥವು; ಒಂದೇ ಕೋಣೆಯಲ್ಲಿ ಒಲೆಯೂ ಹಾಸಿಗೆಯೂ ಇರುವ ಮನೆಯವರು ಒಲೆ ಆರಿಸಿ, ಕಿಟಕಿ ತೆರೆದು ಹಚ್ಚಿಕೊಳ್ಳುವುದು ಕ್ಷೇಮ. ಹೋಟೇಲಿನ ಅಡಿಗೆ ಮನೆಯಲ್ಲಿ ಮಾತ್ರ ಬಣ್ಣಕ್ಕೆ ಸ್ಥಳವಿಲ್ಲ. ಕಿತ್ತ ಬಣ್ಣದ ಚೂರು ಅನ್ನದಲ್ಲಿ ಬೀಳಬಾರದು. ಅಲ್ಲಿ ಗಂಡಾಗಲಿ ಹೆಣ್ಣಾಗಲಿ ಚಿಕ್ಕದಾಗಿ ಕತ್ತರಿಸಿದ, ಶುಭ್ರವಾದ ಉಗುರೇ ಅಲಂಕಾರ.

ಮುಂದೆ ರೆವ್ಲಾನ್ ತುಟಿಯ ಬಣ್ಣಕ್ಕೂ ಕೈಹಾಕಿತು. ತುಟಿಗೂ ಬೆರಳಿಗೂ ಒಂದೇ ಬಣ್ಣವಿರಬೇಕೆಂಬ ರೂಢಿಯನ್ನು ಹಬ್ಬಿಸಿ, ಒಂದು ಕೊಳ್ಳುವವಳು ಎರಡು ಕೊಳ್ಳುವಂತೆ ಮಾಡಿತು. ಎರಡನೆಯ ಮಹಾಯುದ್ಧದಲ್ಲಿ ಸೇನೆಗೆ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಗಳನ್ನು ಒದಗಿಸಿತು. 1952ರಲ್ಲಿ ಬೆಂಕಿ ಮತ್ತು ಮಂಜು ಎಂಬರ್ಥದ ಫೈರ್ ಅಂಡ್ ಐಸ್ ಎಂಬ ಕೆಂಪು ಬಣ್ಣಕ್ಕೆ ಮಾಡಿದ ಪ್ರಚಾರ ಜಾಹಿರಾತಿನ ಚರಿತ್ರೆಯಲ್ಲಿ ಹೆಸರಾಯಿತು. ರಿಚರ್ಡ್ ಅವೆಡನ್ ತೆಗೆದ ಡೋರಿಯನ್ ಲೀ ಎಂಬ ರೂಪದರ್ಶಿಯ ಚಿತ್ರದ ಪಕ್ಕದಲ್ಲಿ ಹೆಂಗಸರು ತಮ್ಮನ್ನು ತಾವೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳ ಪಟ್ಟಿಯನ್ನು ಮುದ್ರಿಸಿದ್ದರು. ಬರಿಯ ಬಣ್ಣಕ್ಕಲ್ಲದೆ ಅದರ ಹೆಸರಿಗೂ ಜನ ಹಣ ಕೊಡುತ್ತಾರೆಂಬುದನ್ನು ರೆವ್ಸನ್ ಚೆನ್ನಾಗಿ ಅರಿತಿದ್ದನು.

1955ರ ಜೂನ್ ತಿಂಗಳಲ್ಲಿ ಅಮೇರಿಕದ ಟೆಲಿವಿಷನ್ನಿನಲ್ಲಿ 64,000 ಡಾಲರುಗಳ ಪ್ರಶ್ನೆ ಎಂಬ ಸ್ಪರ್ಧೆ ಆರಂಭವಾಯಿತು. ಪ್ರಾಯೋಜಕರು ರೆವ್ಲಾನಿನವರು. ಅದು ದೇಶವನ್ನೇ ಮರುಳುಗೊಳಿಸಿತು. ಅದರಲ್ಲಿ ತೋರಿಸಿದ ಬಣ್ಣಗಳು ಅಂಗಡಿಗಳಲ್ಲಿ ಮುಗಿದುಹೋಗುತ್ತಿದ್ದವು. ಅದೇ ವರ್ಷದ ಕೊನೆಗೆ ಕಂಪನಿಯ ಷೇರುಗಳು ಸಾರ್ವಜನಿಕ ಮಾರಾಟಕ್ಕೆ ಬಂದವು. ಕೆಲವೇ ವಾರಗಳಲ್ಲಿ ಅವುಗಳ ಬೆಲೆ ಇಮ್ಮಡಿಯನ್ನೂ ಮೀರಿತು.

ಭಾಗ್ಯವು ತುಂಬಿ ಹರಿದ ಆ ವರ್ಷವೇ ಮನೆ ಒಡೆಯಿತು. ಕಂಪನಿಯನ್ನು ಒಟ್ಟಿಗೆ ಆರಂಭಿಸಿದ ಅಣ್ಣ ಜೋಸೆಫ್ 1955ರಲ್ಲಿ ತನ್ನ ಪಾಲನ್ನು ಬಿಟ್ಟುಕೊಟ್ಟು ಹೊರಟನು. ಮಾರಾಟದ ಭಾರ ಹೊತ್ತಿದ್ದ ತಮ್ಮ ಮಾರ್ಟಿನ್ 1958ರಲ್ಲಿ ಬಿಟ್ಟನು. ಆಮೇಲೆ ಎಷ್ಟೋ ಕಾಲ ಅಣ್ಣತಮ್ಮಂದಿರ ಹೊಕ್ಕುಬಳಕೆ ನಿಂತಿತ್ತು. 300 ಡಾಲರಿನ ಬಡತನ ಕೂಡಿಸಿದ್ದವರನ್ನು ಕೋಟಿಗಳ ಸಂಪತ್ತು ಅಗಲಿಸಿತು.

ಅಷ್ಟರಲ್ಲಿ ಇನ್ನೊಂದು ಆಪತ್ತು. ಟೆಲಿವಿಷನ್ ಸ್ಪರ್ಧೆಗಳಲ್ಲಿ ಮೋಸವಿದೆ, ಬೇಕಾದವರನ್ನು ಗೆಲ್ಲಿಸುತ್ತಾರೆ ಎಂಬ ಸುದ್ದಿ 1958ರಲ್ಲಿ ಹೊರಬಿದ್ದಿತು. ಆ ಕಾರ್ಯಕ್ರಮ ಅದೇ ವರ್ಷ ನಿಂತಿತು. 1959ರ ನವೆಂಬರಿನಲ್ಲಿ ಚಾರ್ಲ್ಸನೂ ಮಾರ್ಟಿನನೂ ಅಮೇರಿಕದ ಕಾಂಗ್ರೆಸ್ಸಿನ ಉಪಸಮಿತಿಯ ಮುಂದೆ ಹಾಜರಾಗಿ ಸಾಕ್ಷ್ಯ ನುಡಿಯಬೇಕಾಯಿತು. ಯಾವ ಸ್ಪರ್ಧಿ ಉಳಿಯಬೇಕು, ಯಾರು ಹೋಗಬೇಕೆಂದು ಪ್ರಾಯೋಜಕರು ಪ್ರತಿವಾರ ಕುಳಿತು ಚರ್ಚಿಸುತ್ತಿದ್ದರೆಂದು ಕಾರ್ಯಕ್ರಮ ನಡೆಸಿದವರು ಹೇಳಿದರು. ಮೋಸ ನಡೆದದ್ದು ತನಗೆ ತಿಳಿದಿರಲಿಲ್ಲವೆಂಬುದು ರೆವ್ಸನ್ನನ ನಿಲುವು. 1960ರಲ್ಲಿ ಇಂಥ ಸ್ಪರ್ಧೆಗಳಲ್ಲಿ ಮೋಸವನ್ನು ಅಪರಾಧವೆಂದು ಕಾನೂನು ಮಾಡಿದರು. ವ್ಯಾಪಾರಕ್ಕೆ ಧಕ್ಕೆಯಾಗಲಿಲ್ಲ, ಹೆಸರಿಗೆ ಕಪ್ಪು ತಗಲಿತು.

ಕೈಕೆಳಗಿನವರೊಡನೆ ಆತ ಅತಿ ಕಠಿಣ. ಮಧ್ಯರಾತ್ರಿಯವರೆಗೆ ಸಭೆ, ಸಣ್ಣ ತಪ್ಪಿಗೂ ಎಲ್ಲರ ಎದುರಿಗೆ ಬೈಗುಳ. ದೊಡ್ಡ ಸಂಬಳದ ಆಶೆಗೆ ಬಂದ ಅಧಿಕಾರಿಗಳು ಮಾನ ಉಳಿಸಿಕೊಳ್ಳಲು ಓಡಿಹೋಗುತ್ತಿದ್ದರು. ಮೂರು ಮದುವೆಗಳಾದವು, ಮೂರೂ ಮುರಿದವು. ಅಲ್ಟಿಮಾ ಎಂಬ ಹೆಸರಿನ ವಿಲಾಸ ನೌಕೆಯಿತ್ತು. ಇದೇ ಮನುಷ್ಯ 1956ರಲ್ಲಿ ತನ್ನ ಹೆಸರಿನ ಧರ್ಮನಿಧಿಯನ್ನೂ ಸ್ಥಾಪಿಸಿದ್ದನು. ನ್ಯೂಯಾರ್ಕಿನ ಲಿಂಕನ್ ಸೆಂಟರಿನ ಅಂಗಳದಲ್ಲಿ 1964ರಲ್ಲಿ ಆರಂಭವಾದ ಕಾರಂಜಿಗೆ ಆತನ ಹೆಸರಿದೆ. ಒಳ್ಳೆಯದನ್ನು ಮುಚ್ಚಿಟ್ಟು ಕೆಟ್ಟದ್ದನ್ನು, ಕೆಟ್ಟದ್ದನ್ನು ಮುಚ್ಚಿಟ್ಟು ಒಳ್ಳೆಯದನ್ನು ಹೇಳುವುದು ನಮಗೆ ಸರಿಕಾಣದು.

1973ರಲ್ಲಿ ಬಂದ ಚಾರ್ಲಿ ಎಂಬ ಸುಗಂಧ ದ್ರವ್ಯ, ದುಡಿದು ತಾನೇ ಗಳಿಸುವ ಹೆಣ್ಣನ್ನು ಉದ್ದೇಶಿಸಿದ್ದು. ಅದು ಆತನ ಕೊನೆಯ ದೊಡ್ಡ ಗೆಲುವು. 1974ರಲ್ಲಿ ಕಂಪನಿಯ ಮಾರಾಟ 60 ಕೋಟಿ ಡಾಲರಿನ ಮಟ್ಟ ಮುಟ್ಟಿತ್ತು. ಅಷ್ಟರಲ್ಲಿ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಆತನನ್ನು ಹಿಡಿದಿತ್ತು. ತನ್ನ ಸ್ಥಾನಕ್ಕೆ ಮಿಷೆಲ್ ಬೆರ್ಜರಾಕ್ ಎಂಬ ಹೊರಗಿನ ಅಧಿಕಾರಿಯನ್ನು ಆರಿಸಿ ತಂದನು; ಸಹೋದರರಲ್ಲಿ ಯಾರೂ ಆ ಕುರ್ಚಿಗೆ ಬರಲಿಲ್ಲ. 1975ರ ಆಗಸ್ಟ್ 24ರಂದು, 68ನೆಯ ವಯಸ್ಸಿನಲ್ಲಿ, ರೆವ್ಸನ್ ನಿಧನನಾದನು. 1985ರಲ್ಲಿ ಕಂಪನಿ ರೊನಾಲ್ಡ್ ಪೆರೆಲ್‌ಮನ್ ಎಂಬ ಧನಿಕನ ಕೈಸೇರಿತು. 2022ರಲ್ಲಿ ಸಾಲದ ಹೊರೆ ತಾಳಲಾರದೆ ದಿವಾಳಿ ರಕ್ಷಣೆಗೆ ಮೊರೆಹೋಗಿ, 2023ರಲ್ಲಿ ಅದರಿಂದ ಹೊರಬಂದಿತು.

ನಮ್ಮ ವಾಚಕರಿಗೆ ಈ ಜೀವನದಿಂದ ಆಗುವ ಪ್ರಯೋಜನವೇನು? ಕೆಲಸಕ್ಕಿದ್ದಾಗಲೇ ಕಸುಬಿನ ಸೂಕ್ಷ್ಮವನ್ನು ಕಣ್ತುಂಬಿಕೊಳ್ಳಬೇಕೆಂಬುದು ಒಂದು. ಗಲ್ಲೆಯ ಮೇಲೆ ಕುಳಿತು ವರ್ಷಗಟ್ಟಲೆ ನೋಡಿದವರಾದ ನಾವು ಇನ್ನೊಂದು ಮಾತನ್ನೂ ಸೇರಿಸುತ್ತೇವೆ. ನಮ್ಮವರ ಹೋಟೇಲುಗಳಲ್ಲಿ ಹೆಚ್ಚಿನವು ಅಣ್ಣತಮ್ಮಂದಿರ, ಭಾವಮೈದುನರ ಪಾಲಿನಲ್ಲಿ ಹುಟ್ಟಿದವು. ನಷ್ಟದಲ್ಲಿ ಒಡೆದವುಗಳಿಗಿಂತ ಲಾಭದಲ್ಲಿ ಒಡೆದವುಗಳನ್ನೇ ನಾವು ಹೆಚ್ಚಾಗಿ ಕಂಡಿದ್ದೇವೆ. ರೆವ್ಲಾನ್ ಹುಟ್ಟಿದ 1932ನೆಯ ಇಸವಿಯಲ್ಲಿಯೇ ನಮ್ಮ ದೇಶದ ಪಾಲುದಾರಿಕೆಯ ಕಾಯಿದೆಯೂ ಹುಟ್ಟಿತು. ಅದರ 69ನೆಯ ಕಲಮಿನಂತೆ, ನೋಂದಣಿಯಾಗದ ಪಾಲುದಾರಿಕೆ ಸಂಸ್ಥೆ ಕರಾರಿನಿಂದ ಬಂದ ಹಕ್ಕಿಗಾಗಿ ಹೊರಗಿನವರ ಮೇಲೆ ದಾವೆ ಹೂಡಲಾರದು. ಹಾಗಾದುದರಿಂದ ಯಾರ ಬಂಡವಾಳವೆಷ್ಟು, ದುಡಿಮೆಯ ಸಂಬಳವೆಷ್ಟು, ಲಾಭದ ಪಾಲೆಷ್ಟು, ಬಿಟ್ಟು ಹೋಗುವವನಿಗೆ ಸಲ್ಲುವುದೆಷ್ಟು ಎಂಬುದನ್ನು ಮೊದಲ ದಿನವೇ ಮುದ್ರೆಯ ಕಾಗದದ ಮೇಲೆ ಬರೆದು ನೋಂದಾಯಿಸಿರಿ. ಅಣ್ಣನ ಮೇಲೆ ನಂಬಿಕೆಯಿಲ್ಲವೇ ಎಂದು ಯಾರಾದರೂ ಕೇಳಿದರೆ, ಆ ನಂಬಿಕೆ ಉಳಿಯಲೆಂದೇ ಬರೆಯುತ್ತಿದ್ದೇವೆ ಎಂದು ಹೇಳಿರಿ.