ಮಾರಿಯಾ ಅಗ್ನೇಸಿಯ ಜೀವನ ವೃತ್ತಾಂತ

ನಮ್ಮ ಪಾಠಶಾಲೆಯನ್ನು ಬಿಟ್ಟು ಪದವಿಪೂರ್ವ ಕಾಲೇಜನ್ನು ಸೇರುವ ಬಾಲಿಕೆಯರ ತಂದೆತಾಯಿಗಳಲ್ಲಿ ಕೆಲವರು, ಗಣಿತವು ಹೆಣ್ಣುಮಕ್ಕಳಿಗೆ ಭಾರವಾದೀತೆಂದು ಹೇಳಿ, ಮಗಳಿಗೆ ಆಸೆಯಿದ್ದರೂ ಬೇರೆ ವಿಷಯಗಳನ್ನು ಕೊಡಿಸುವುದುಂಟು. ಆ ಕಾಲೇಜಿನ ಎರಡನೆಯ ವರ್ಷದಲ್ಲಿ ಎಲ್ಲಕ್ಕಿಂತ ಕಠಿಣವೆಂದು ಹೆಸರಾದದ್ದು ಅವಕಲ ಸಮೀಕರಣಗಳ ಅಧ್ಯಾಯ. ಅದೇ ವಿಷಯವನ್ನು ಕಲಿಯುವವರಿಗೆ ತಿಳಿಯುವಂತೆ 1748ರಲ್ಲಿ ಬರೆದು ಅಚ್ಚು ಹಾಕಿಸಿದವಳು ಒಬ್ಬ ಕನ್ಯೆ. ಆಕೆಯ ವೃತ್ತಾಂತವನ್ನು ಈ ಸಂಚಿಕೆಯ ವಾಚಕರಿಗೆ ಅರಿಕೆ ಮಾಡುತ್ತೇನೆ.

ಮಾರಿಯಾ ಗೇತಾನಾ ಅಗ್ನೇಸಿಯು 1718ನೆಯ ಇಸವಿಯ ಮೇ 16ರಂದು ಇಟಲಿ ದೇಶದ ಮಿಲಾನ್ ನಗರದಲ್ಲಿ ಹುಟ್ಟಿದಳು. ತಂದೆಯಾದ ಪಿಯೆತ್ರೋ ಅಗ್ನೇಸಿಯ ಮನೆತನದವರು ರೇಷ್ಮೆಯ ವ್ಯಾಪಾರದಿಂದ ಧನವಂತರಾದವರು. ಆತನು ಮೂರು ಸಾರಿ ವಿವಾಹವಾಗಿ ಇಪ್ಪತ್ತೊಂದು ಮಕ್ಕಳನ್ನು ಪಡೆದನು, ಈಕೆಯೇ ಹಿರಿಯಳು. ಬಾಲ್ಯದಲ್ಲಿಯೇ ಈಕೆಯು ಫ್ರೆಂಚ್, ಲ್ಯಾಟಿನ್, ಗ್ರೀಕ್, ಹೀಬ್ರೂ ಮೊದಲಾದ ಭಾಷೆಗಳನ್ನು ಕಲಿತಳು. 1727ರಲ್ಲಿ, ಒಂಬತ್ತನೆಯ ವಯಸ್ಸಿನಲ್ಲಿ, ಸ್ತ್ರೀಯರಿಗೂ ಉನ್ನತ ವಿದ್ಯೆಯು ತಕ್ಕದ್ದೆಂಬ ಲ್ಯಾಟಿನ್ ಪ್ರಸಂಗವನ್ನು ದೊಡ್ಡವರ ಸಭೆಯಲ್ಲಿ ಬಾಯಿಪಾಠದಿಂದ ಒಪ್ಪಿಸಿದಳು.

ತಂದೆಗೆ ಮಗಳ ವಿದ್ಯೆಯಲ್ಲಿ ಅಭಿಮಾನವಿತ್ತು. ಅದರೊಡನೆ ಕುಲೀನರ ಸಾಲಿನಲ್ಲಿ ಸೇರಬೇಕೆಂಬ ಆಸೆಯೂ ಇತ್ತು. ಆದುದರಿಂದ ವಿದ್ವಾಂಸರನ್ನೂ ಶ್ರೀಮಂತರನ್ನೂ ಮನೆಗೆ ಕರೆಯಿಸಿ, ಅವರೆದುರಿಗೆ ಈಕೆಯಿಂದ ತತ್ತ್ವಶಾಸ್ತ್ರದ ವಾದಗಳನ್ನು ಮಾಡಿಸುತ್ತಿದ್ದನು; ನಡುವೆ ತಂಗಿಯಾದ ತೆರೇಸಳು ವಾದ್ಯವನ್ನು ನುಡಿಸುತ್ತಿದ್ದಳು. ವಾರ್ಷಿಕೋತ್ಸವದಲ್ಲಿ ಚಿಕ್ಕ ಮಕ್ಕಳನ್ನು ವೇದಿಕೆಯ ಮೇಲೆ ನಿಲ್ಲಿಸಿ ಗಿಣಿಪಾಠ ಒಪ್ಪಿಸುವ ನಮ್ಮಂಥವರೂ ಈ ಸಂಗತಿಯನ್ನು ಸ್ವಲ್ಪ ಯೋಚಿಸತಕ್ಕದ್ದು. ಮಾರಿಯಳಿಗೆ ಈ ಮೆರೆದಾಟವು ಹಿಡಿಸಲಿಲ್ಲ. ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಸಂನ್ಯಾಸಿನಿಯರ ಮಠವನ್ನು ಸೇರುವೆನೆಂದು ಕೇಳಿಕೊಂಡಳು. ತಂದೆಯು ಒಪ್ಪಲಿಲ್ಲ. ಕಡೆಗೆ ಸಾದಾ ಉಡುಪು ಧರಿಸುವುದಕ್ಕೂ, ಇಷ್ಟಬಂದಾಗ ದೇವಾಲಯಕ್ಕೆ ಹೋಗುವುದಕ್ಕೂ, ನಾಟಕ ನರ್ತನಗಳಿಗೆ ಹೋಗದಿರುವುದಕ್ಕೂ ಅಪ್ಪಣೆಯನ್ನು ಪಡೆದು ಮನೆಯಲ್ಲಿಯೇ ಉಳಿದಳು.

ಅಲ್ಲಿಂದ ಹತ್ತು ವರ್ಷ ಗಣಿತವೇ ಆಕೆಯ ಮುಖ್ಯ ಉದ್ಯೋಗವಾಯಿತು. ರಾಂಪಿನೆಲ್ಲಿ ಎಂಬ ಸಂನ್ಯಾಸಿಯು ಗುರುವಾದನು. ನ್ಯೂಟನ್, ಲೈಬ್ನಿಟ್ಸ್, ಬರ್ನೂಲಿ ಸಹೋದರರು ಕಂಡುಹಿಡಿದ ಕಲನಶಾಸ್ತ್ರವು ಆಗ ನಾನಾ ದೇಶಗಳ ಪತ್ರಿಕೆಗಳಲ್ಲಿಯೂ ಕಾಗದಗಳಲ್ಲಿಯೂ ಚದರಿಹೋಗಿತ್ತು. ಅದನ್ನೆಲ್ಲ ಕೂಡಿಸಿ, ಸುಲಭದಿಂದ ಕಠಿಣಕ್ಕೆ ಏರುವ ಕ್ರಮದಲ್ಲಿಟ್ಟು, ಲ್ಯಾಟಿನನ್ನು ಬಿಟ್ಟು ಇಟಲಿಯ ತರುಣರಿಗೆ ಅವರ ಭಾಷೆಯಲ್ಲಿಯೇ ಬರೆದಳು. ನಮ್ಮ ನೆರೆಯ ಸೇಡಂ ತಾಲ್ಲೂಕಿನ ಮಳಖೇಡದಲ್ಲಿ ನೃಪತುಂಗನು ಆಳುತ್ತಿದ್ದಾಗ, ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ಗಣಿತಸಾರಸಂಗ್ರಹವನ್ನು ರಚಿಸಿ ಮಾಡಿದ್ದೂ ಇಂಥ ಉಪಕಾರವೇ. ಹೊಸದನ್ನು ಕಂಡುಹಿಡಿಯುವವನಿಗಿಂತ ಇದ್ದುದನ್ನು ಒಪ್ಪವಾಗಿ ಕಲಿಸುವವನು ಕಡಿಮೆಯವನೆಂದು ನಾನು ಒಪ್ಪಲಾರೆನು.

ಗ್ರಂಥದ ಕಡೆಯ ಭಾಗದಲ್ಲಿ ಅವಕಲ ಸಮೀಕರಣಗಳಿವೆ. ಒಂದು ವಸ್ತುವು ಯಾವ ವೇಗದಿಂದ ಬದಲಾಗುತ್ತದೆಂಬುದನ್ನು ಮಾತ್ರ ಬಲ್ಲವರು, ಆ ವಸ್ತುವು ಯಾವ ಹೊತ್ತಿನಲ್ಲಿ ಎಷ್ಟಿರುತ್ತದೆಂದು ಕಂಡುಹಿಡಿಯುವುದೇ ಇದರ ಪ್ರಯೋಜನ. ಒಲೆಯಿಂದ ಇಳಿಸಿದ ಹಾಲನ್ನು ನೋಡಿರಿ. ಸುತ್ತಲಿನ ಗಾಳಿಗಿಂತ ಅದು ಎಷ್ಟು ಹೆಚ್ಚು ಬಿಸಿಯೋ ಅಷ್ಟು ಬೇಗ ಆರುತ್ತದೆ. ಆರುತ್ತ ಬಂದಂತೆ ಆರುವ ವೇಗವೂ ತಗ್ಗುತ್ತದೆ. ಇಲ್ಲಿ ಶಾಖವೂ ಕಾಲವೂ ಒಂದೇ ಸಮೀಕರಣದಲ್ಲಿ ಬೆರೆತಿವೆ. ತೊಗರಿಯಲ್ಲಿ ಜೋಳ ಬೆರೆತಾಗ ನಮ್ಮ ಹೆಂಗಸರು ಮೊರದಲ್ಲಿ ಹಸನು ಮಾಡುವಂತೆ, ಶಾಖಕ್ಕೆ ಸೇರಿದ ಪದಗಳನ್ನೆಲ್ಲ ಸಮಚಿಹ್ನೆಯ ಒಂದು ಕಡೆಗೂ ಕಾಲಕ್ಕೆ ಸೇರಿದವನ್ನು ಇನ್ನೊಂದು ಕಡೆಗೂ ಇಡತಕ್ಕದ್ದು. ಆಮೇಲೆ ಎರಡು ಕಡೆಗಳನ್ನೂ ಬೇರೆಬೇರೆಯಾಗಿ ಅನುಕಲನ ಮಾಡಬಹುದು. ಆಗ ಒಂದು ಸ್ಥಿರಾಂಕವು ಉಳಿಯುತ್ತದೆ. ಮೊದಲಲ್ಲಿ ಹಾಲು ಎಷ್ಟು ಬಿಸಿಯಿತ್ತೆಂದು ತಿಳಿದರೆ ಅದೂ ಗೊತ್ತಾಗುತ್ತದೆ. ಗಾಳಿಯು 30 ಡಿಗ್ರಿ, ಹಾಲು 90 ಡಿಗ್ರಿ ಇದ್ದು, ಹತ್ತು ನಿಮಿಷಕ್ಕೆ ಹಾಲು 60ಕ್ಕೆ ಇಳಿದರೆ, ಇಪ್ಪತ್ತನೆಯ ನಿಮಿಷಕ್ಕೆ 30 ಆಗುವುದಿಲ್ಲ, 45 ಆಗುತ್ತದೆ. ಮೂವತ್ತನೆಯ ನಿಮಿಷಕ್ಕೆ 37.5. ಪ್ರತಿ ಹತ್ತು ನಿಮಿಷಕ್ಕೂ ಹೆಚ್ಚಳವು ಅರ್ಧವಾಗುತ್ತದೆ.

ಎಲ್ಲ ಸಮೀಕರಣಗಳೂ ಹೀಗೆ ಬೇರ್ಪಡುವುದಿಲ್ಲ. ಕೆಲವನ್ನು ಒಂದು ಚರಾಕ್ಷರಕ್ಕೆ ಬದಲಾಗಿ ಮತ್ತೊಂದನ್ನಿಟ್ಟು ಬೇರ್ಪಡಿಸಬೇಕು. ಕೆಲವು ಹಾಗೂ ಬಗ್ಗವು. 1724ರಲ್ಲಿ ಇಂಥದೊಂದು ಹಟಮಾರಿ ಸಮೀಕರಣವನ್ನು ಪ್ರಕಟಿಸಿ ಹೆಸರಾದ ಯಾಕೋಪೋ ರಿಕ್ಕಾತಿಯು ಅಗ್ನೇಸಿಯ ಹಸ್ತಪ್ರತಿಯನ್ನೋದಿ, ಕಾಗದಗಳ ಮೂಲಕ ಸಲಹೆಗಳನ್ನು ಕಳುಹಿಸಿದನು. ಆತನ ರೀತಿಗಳನ್ನೂ ಆಕೆಯು ಗ್ರಂಥದಲ್ಲಿ ಸೇರಿಸಿಕೊಂಡಳು.

ಸುಮಾರು ಸಾವಿರ ಪುಟಗಳ ಎರಡು ಸಂಪುಟಗಳು ಹೊರಟವು. ಅಚ್ಚಿನ ಯಂತ್ರವನ್ನು ಮನೆಯಲ್ಲಿಯೇ ನಿಲ್ಲಿಸಿ, ಆಕೆಯು ಕಣ್ಣಿಟ್ಟು ಅಚ್ಚು ಮಾಡಿಸಿದ್ದಳು. ಗ್ರಂಥವು ಅರ್ಪಿತವಾದ ಮಹಾರಾಣಿ ಮಾರಿಯಾ ತೆರೇಸಳು ವಜ್ರದ ಉಂಗುರವನ್ನು ಕಳುಹಿಸಿದಳು. ಹದಿನಾಲ್ಕನೆಯ ಬೆನೆಡಿಕ್ಟ್ ಪೋಪನು 1750ರಲ್ಲಿ ಬೊಲೊನ್ಯಾ ವಿಶ್ವವಿದ್ಯಾಲಯದಲ್ಲಿ ಗಣಿತದ ಪೀಠವನ್ನು ಕೊಡಿಸಿದನು. ಆಕೆಯು ಅಲ್ಲಿಗೆ ಹೋಗಲೇ ಇಲ್ಲ. ಕೇಂಬ್ರಿಜ್ಜಿನ ಪ್ರಾಧ್ಯಾಪಕನಾದ ಜಾನ್ ಕೋಲ್ಸನ್ನನು ಈ ಗ್ರಂಥಕ್ಕಾಗಿಯೇ ಮುಪ್ಪಿನಲ್ಲಿ ಇಟಲಿಯ ಭಾಷೆಯನ್ನು ಕಲಿತು ಇಂಗ್ಲಿಷಿಗೆ ತಿರುಗಿಸಿದನು. ಆದರೆ ಒಂದು ವಕ್ರರೇಖೆಯ ಹೆಸರನ್ನು ತಪ್ಪು ತಿಳಿದು ಅದಕ್ಕೆ ಮಾಟಗಾತಿಯೆಂದು ಬರೆದನು. ಆ ಭಾಷಾಂತರವು 1801ರಲ್ಲಿ ಅಚ್ಚಾಯಿತು. ದೇವಭಕ್ತಳಾದ ಈ ಸ್ತ್ರೀಯ ಹೆಸರಿಗೆ ಆ ಶಬ್ದವು ಈಗಲೂ ಅಂಟಿಕೊಂಡಿದೆ.

1752ರಲ್ಲಿ ತಂದೆಯು ತೀರಿಹೋದನು. ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ಸ್ವತಂತ್ರಳಾದ ಅಗ್ನೇಸಿಯು ಗಣಿತವನ್ನು ಬಿಟ್ಟು ರೋಗಿಗಳಾದ ಬಡ ಸ್ತ್ರೀಯರ ಸೇವೆಗೆ ನಿಂತಳು. ಹತ್ತು ವರ್ಷಗಳಾದ ಮೇಲೆ, ತರುಣನಾದ ಲಾಗ್ರಾಂಜನ ಹೊಸ ಗಣಿತದ ಮೇಲೆ ಟ್ಯೂರಿನ್ನಿನವರು ಅಭಿಪ್ರಾಯ ಕೇಳಿದಾಗ, ಅಂಥ ವಿಷಯಗಳಲ್ಲಿ ತನಗಿನ್ನು ಆಸ್ಥೆಯಿಲ್ಲವೆಂದು ತಿಳಿಸಿದಳು. ಉಪಾಧ್ಯಾಯಿನಿಯಾದ ನನಗೆ ಇದು ನಷ್ಟವೆಂದೇ ತೋರುತ್ತದೆ. ಆದರೆ ಅದು ಆಕೆಯೇ ಆರಿಸಿಕೊಂಡ ದಾರಿ, ಯಾರೂ ಹೇರಿದ್ದಲ್ಲ. ಮಹಾರಾಣಿಯ ಉಂಗುರವನ್ನೂ ಬಡವರಿಗಾಗಿ ಮಾರಿದಳು. 1771ರಲ್ಲಿ ಮಿಲಾನಿನಲ್ಲಿ ತೆರೆದ ತ್ರಿವುಲ್ಜಿಯೋ ವೃದ್ಧಾಶ್ರಮದ ಸ್ತ್ರೀವಿಭಾಗವು ಆಕೆಯ ಮೇಲ್ವಿಚಾರಣೆಗೆ ಬಂದಿತು. 1783ರಿಂದ ಅಲ್ಲಿಯೇ ವಾಸಮಾಡಿದಳು. 1799ರ ಜನವರಿ 9ರಂದು ಎಂಭತ್ತು ವರ್ಷದವಳಾಗಿ ಮೃತಳಾದಳು. ಇತರ ಬಡವರೊಡನೆ ಒಂದೇ ಗುಂಡಿಯಲ್ಲಿ ಹೂಳಿದರು. ಮೇಲೆ ಹೆಸರಿನ ಕಲ್ಲನ್ನು ಇಡಲಿಲ್ಲ.