ಲವಾಸಿಯೆ ಮತ್ತು ಲವಣಗಳ ನಾಮಕರಣ

ಮೈಲುತುತ್ತ, ಅನ್ನಭೇದಿ ಎಂಬ ಪದಗಳನ್ನು ಅಕ್ಕಪಕ್ಕದಲ್ಲಿರಿಸಿದರೆ ಅವು ಒಂದೇ ಕುಲದ ವಸ್ತುಗಳೆಂಬುದು ತೋರದು. ತಾಮ್ರದ ಸಲ್ಫೇಟು, ಕಬ್ಬಿಣದ ಸಲ್ಫೇಟು ಎಂದೊಡನೆ ಆ ಸಂಬಂಧ ತಿಳಿಯುತ್ತದೆ. ಲವಣದ ಘಟಕಗಳನ್ನು ಅದರ ಹೆಸರಿನಲ್ಲಿಯೇ ಅಡಕಗೊಳಿಸುವ ಈ ಕ್ರಮವು 18ನೆಯ ಶತಮಾನದ ಫ್ರಾನ್ಸಿನಲ್ಲಿ ರೂಪುಗೊಂಡಿತು. ಅದನ್ನು ರೂಪಿಸಿದವರಲ್ಲಿ ಪ್ರಮುಖನಾದ ಆಂತ್ವಾನ್ ಲವಾಸಿಯೆಯ ಬದುಕನ್ನು ಭಾಷೆಯ ದೃಷ್ಟಿಯಿಂದ ನೋಡುವುದು ಈ ಲೇಖನದ ಉದ್ದೇಶ.

ಲವಾಸಿಯೆ 1743ರ ಆಗಸ್ಟ್ 26ರಂದು ಪ್ಯಾರಿಸ್ಸಿನಲ್ಲಿ ಜನಿಸಿದನು. ಓದಿದ್ದು ಕಾನೂನು, ಒಲವು ವಿಜ್ಞಾನದ ಕಡೆಗೆ. 1768ರಲ್ಲಿ ವಿಜ್ಞಾನ ಅಕಾಡೆಮಿಯ ಸದಸ್ಯನಾದನು. ಅದೇ ವರ್ಷ ದೊರೆಯ ಪರವಾಗಿ ತೆರಿಗೆ ವಸೂಲು ಮಾಡುವ ಗುತ್ತಿಗೆದಾರರ ಸಂಸ್ಥೆಯಲ್ಲಿ ಪಾಲು ಪಡೆದನು. ಪ್ರಯೋಗಶಾಲೆಯ ವೆಚ್ಚಕ್ಕೆ ಒದಗಿದ ಆ ಹಣವೇ ಮುಂದೆ ಅವನ ಪ್ರಾಣಕ್ಕೂ ಎರವಾಯಿತು. 1771ರಲ್ಲಿ ಅವನನ್ನು ವರಿಸಿದ ಮೇರಿ ಆನ್ ಪೋಲ್ಸ್ ಇಂಗ್ಲಿಷ್ ಕಲಿತು ಅವನಿಗಾಗಿ ಅನುವಾದಗಳನ್ನು ಮಾಡಿದಳು. ಅವನ ಗ್ರಂಥಕ್ಕೆ ಉಪಕರಣಗಳ ಚಿತ್ರಗಳನ್ನೂ ಬರೆದಳು. ಈ ಅನುವಾದಕಿಗೆ ಚರಿತ್ರಕಾರರು ಬಹುಕಾಲ ತಕ್ಕ ಸ್ಥಾನವನ್ನು ಕೊಡಲಿಲ್ಲ.

ಅಂದಿನ ರಸಾಯನಶಾಸ್ತ್ರದ ಪದಕೋಶ ರಸವಾದಿಗಳಿಂದ ಬಂದದ್ದು. ಆಂಟಿಮನಿಯ ಬೆಣ್ಣೆ, ಗಂಧಕದ ಯಕೃತ್ತು, ಸತುವಿನ ಹೂವು ಮೊದಲಾದ ಹೆಸರುಗಳು ರೂಪವನ್ನೋ ಬಣ್ಣವನ್ನೋ ಹೇಳುತ್ತಿದ್ದವೇ ಹೊರತು ಘಟಕಗಳನ್ನು ಹೇಳುತ್ತಿರಲಿಲ್ಲ. ಕೆಲವು ಲವಣಗಳಿಗೆ ಊರಿನ ಹೆಸರು, ಕೆಲವಕ್ಕೆ ತಯಾರಿಸಿದವನ ಹೆಸರು. ದಿಜೋನಿನ ವಕೀಲ ಗೀತೋನ್ ದ ಮೊರ್ವೋ 1782ರಲ್ಲಿ ಸುಧಾರಣೆಯ ಯೋಜನೆಯೊಂದನ್ನು ಮುಂದಿಟ್ಟನು. ಲವಾಸಿಯೆ, ಬೆರ್ತೊಲೆ, ಫುರ್ಕ್ರುವಾ ಅವನೊಡನೆ ಸೇರಿದರು. 1787ರಲ್ಲಿ ನಾಲ್ವರ ಹೆಸರಿನಲ್ಲಿ ರಾಸಾಯನಿಕ ನಾಮಕರಣದ ಗ್ರಂಥ ಪ್ರಕಟವಾಯಿತು.

ಅದರ ವಿಧಾನ ವ್ಯಾಕರಣದ ವಿದ್ಯಾರ್ಥಿಗೆ ಅಪರಿಚಿತವಲ್ಲ. ಧಾತುವಿನಂತೆ ಒಂದು ಮೂಲಪದ. ಅದರ ಮೇಲೆ ನಿಯತಾರ್ಥದ ಪ್ರತ್ಯಯ. ಆಮ್ಲಜನಕ ಹೆಚ್ಚಿರುವ ಸಲ್ಫ್ಯೂರಿಕ್ ಆಮ್ಲದ ಲವಣ ಸಲ್ಫೇಟು. ಕಡಿಮೆಯಿರುವ ಸಲ್ಫ್ಯೂರಸ್ ಆಮ್ಲದ ಲವಣ ಸಲ್ಫೈಟು. ಆಮ್ಲಜನಕವೇ ಇಲ್ಲದ ಗಂಧಕದ ಸಂಯುಕ್ತಕ್ಕೆ ಬೇರೆಯೇ ಪ್ರತ್ಯಯ. ಇಂದು ನಾವು ಅದನ್ನು ಸಲ್ಫೈಡು ಎನ್ನುತ್ತೇವೆ. ಫ್ರೆಂಚಿನಲ್ಲಿ ಆಮ್ಲದಿಂದ ಬಂದ ಕುಲನಾಮ ಮೊದಲು, ಲೋಹದ ಹೆಸರು ಅನಂತರ. ವಿಶೇಷಣವು ವಿಶೇಷ್ಯದ ಹಿಂದೆ ನಿಲ್ಲುವ ಕನ್ನಡದಲ್ಲಿ ಈ ಕ್ರಮ ತಿರುವುಮುರುವಾಗಿ, ತಾಮ್ರದ ಸಲ್ಫೇಟು ಎಂಬ ಷಷ್ಠೀ ರಚನೆ ಸಹಜವಾಗಿ ಒದಗಿತು. ಅಯಾನಿನ ಕಲ್ಪನೆ ಲವಾಸಿಯೆಗೆ ಇರಲಿಲ್ಲ. ಆ ಪದವೇ 1834ರಲ್ಲಿ ಫ್ಯಾರಡೆಯ ಬರೆಹದಲ್ಲಿ ಬಂತು. ಆದರೂ ಅಯಾನಿಕ ಸಂಯುಕ್ತಗಳನ್ನು ಇಂದು ಹೆಸರಿಸುವಾಗ ಬಳಸುವ ಪ್ರತ್ಯಯಗಳಲ್ಲಿ ಈ ವ್ಯವಸ್ಥೆ ಉಳಿದಿದೆ.

ಭಾಷೆಯನ್ನು ತಿದ್ದದೆ ವಿಜ್ಞಾನವನ್ನು ತಿದ್ದಲಾಗದೆಂಬ ನಿಲುವನ್ನು ಅವನು ತತ್ವಜ್ಞಾನಿ ಕೋಂದಿಯಾಕನಿಂದ ಪಡೆದಿದ್ದನು. ನಾಮಕರಣವನ್ನು ಕುರಿತು ಬರೆಯಹೊರಟದ್ದೇ 1789ರ ಅವನ ಪಠ್ಯಗ್ರಂಥವಾಗಿ ಬೆಳೆಯಿತು. ಆದರೆ ಹೆಸರು ಸಿದ್ಧಾಂತವನ್ನು ಹೊತ್ತಾಗ ಸಿದ್ಧಾಂತದ ದೋಷವನ್ನೂ ಹೊರಬೇಕಾಗುತ್ತದೆ. ಎಲ್ಲ ಆಮ್ಲಗಳಿಗೂ ಒಂದೇ ಅನಿಲ ಕಾರಣವೆಂದು ನಂಬಿ ಅದಕ್ಕೆ ಆಮ್ಲವನ್ನು ಹುಟ್ಟಿಸುವುದೆಂಬ ಅರ್ಥದ ಗ್ರೀಕ್ ಮೂಲದ ಹೆಸರಿಟ್ಟನು. ಅಡುಗೆಯ ಉಪ್ಪಿನ ಆಮ್ಲದಲ್ಲಿಯೂ ಅದು ಅಡಗಿರಬೇಕೆಂದು ಊಹಿಸಿದನು. ಆ ಊಹೆಯಂತೆ ಉಪ್ಪು ಸೋಡಾದ ಮ್ಯೂರಿಯೇಟು ಎನಿಸಿತು.

1794ರ ಮೇ 8ರಂದು ಕ್ರಾಂತಿಯ ನ್ಯಾಯಮಂಡಳಿಯು ತೆರಿಗೆ ಗುತ್ತಿಗೆದಾರರನ್ನು ಗಿಲೊಟಿನ್ನಿಗೆ ಕಳುಹಿಸಿತು. ಅವರಲ್ಲಿ ಲವಾಸಿಯೆಯೂ ಅವನ ಮಾವನೂ ಇದ್ದರು. ತನ್ನ ಊಹೆ ಬಿದ್ದುದನ್ನು ಕಾಣಲು ಅವನು ಉಳಿಯಲಿಲ್ಲ. 1810ರಲ್ಲಿ ಹಂಫ್ರಿ ಡೇವಿ ಆ ಆಮ್ಲದಲ್ಲಿ ಆಮ್ಲಜನಕವಿಲ್ಲವೆಂದು ವಾದಿಸಿ, ಅದರಿಂದ ದೊರೆಯುವ ಹಸಿರು ಅನಿಲವನ್ನು ಮೂಲವಸ್ತುವೆಂದು ಗುರುತಿಸಿ ಕ್ಲೋರೀನ್ ಎಂದನು. ಮ್ಯೂರಿಯೇಟು ಸೋಡಿಯಂ ಕ್ಲೋರೈಡಾಯಿತು. ಆ ಅನಿಲದ ಹೆಸರು ಮಾತ್ರ ಬದಲಾಗಲಿಲ್ಲ. ಕನ್ನಡದ ಅನುವಾದಕರೂ ಗ್ರೀಕ್ ಪದವನ್ನು ಅರ್ಥಾನುಸಾರಿಯಾಗಿ ಆಮ್ಲಜನಕವೆಂದೇ ತಂದರು; ಆಮ್ಲಜನಕವೇ ಇಲ್ಲದ ಹೈಡ್ರೋಕ್ಲೋರಿಕ್ ಆಮ್ಲದ ಪಾಠವೂ ಅದೇ ಪುಸ್ತಕದಲ್ಲಿರುತ್ತದೆ.